ಉಬ್ಬಸ ಮತ್ತು ಇನ್‌ಹೇಲರ್: ಭಯ ಬಿಟ್ಟು ತಿಳಿಯೋಣ

ಚೆನ್ನೈನಲ್ಲಿ ಕೆಲವು ವರ್ಷ ಇದ್ದವರಿಗೆ ಭೋಗಿಯ ಬೆಳಗು ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಪೊಂಗಲ್‌ನ ಹಿಂದಿನ ದಿನ, ಇನ್ನೂ ಕತ್ತಲಿರುವಾಗಲೇ, ಮನೆಯ ಮುಂದೆ ಹಳೆಯ ಚಾಪೆ, ಹರಕು ಬಟ್ಟೆ, ಮುರಿದ ಬುಟ್ಟಿಗಳನ್ನು ರಾಶಿ ಹಾಕಿ ಬೆಂಕಿ ಇಡುತ್ತಾರೆ. ಕೆಲವು ಕಡೆ ಪ್ಲಾಸ್ಟಿಕ್ಕು, ಟಯರು ಕೂಡ ಬೀಳುತ್ತವೆ. ಮಕ್ಕಳು ಪುಟ್ಟ ತಮಟೆ ಬಾರಿಸುತ್ತಾ ಸುತ್ತ ನಿಲ್ಲುತ್ತಾರೆ. ಮಾರ್ಗಳಿಯ ಮಂಜು ಆ ಹೊಗೆಯನ್ನು ಮೇಲೆ ಹೋಗಲು ಬಿಡುವುದಿಲ್ಲ. 2018ರ ಭೋಗಿಯಂದು ಹೊಗೆಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ವಿಮಾನಗಳ ಸಂಚಾರವೇ ಏರುಪೇರಾಯಿತು.

ಎರಡು ವರ್ಷದ ಹಿಂದಿನ ಅಂಥ ಒಂದು ಬೆಳಗಿನಲ್ಲಿ, ಐದೂವರೆಗೆ, ನನ್ನ ಫೋನ್ ಹೊಡೆದುಕೊಂಡಿತು. ತಿರುವಲ್ಲಿಕ್ಕೇಣಿಯಿಂದ ಚಿಕ್ಕಮ್ಮ. "ಇವ್ರಿಗೆ ದಮ್ಮ್ ಜೋರಾಯ್ತ್ ಮಗಾ. ಮಾತಾಡುಕೂ ಆತಿಲ್ಲೆ. ಬೇಗ ಬಾ."

ನಾನು ವೆಸ್ಟ್ ಮಾಂಬಲದಿಂದ ಆಟೋ ಹಿಡಿದು ಹೋಗಿ ನೋಡಿದಾಗ ಚಿಕ್ಕಪ್ಪ ಮಂಚದ ಅಂಚಿನಲ್ಲಿ ಎರಡೂ ಕೈ ಮೊಣಕಾಲಿನ ಮೇಲೆ ಊರಿ ಕೂತಿದ್ದರು. ಒಂದೊಂದು ಉಸಿರಿಗೂ ಭುಜ ಮೇಲೇಳುತ್ತಿತ್ತು. ಕೈಯಲ್ಲಿ ನೀಲಿ ಬಣ್ಣದ ಇನ್‌ಹೇಲರ್. ಒತ್ತಿದರೆ ಬುಸ್ ಎಂದು ಸದ್ದೇನೋ ಬರುತ್ತಿತ್ತು. ಅದರಲ್ಲಿ ಮದ್ದು ಮುಗಿದು ಎಷ್ಟು ದಿನವಾಗಿತ್ತೋ ಅವರಿಗೂ ಗೊತ್ತಿರಲಿಲ್ಲ. 108ಕ್ಕೆ ಫೋನ್ ಮಾಡಿದೆವು. ಆಸ್ಪತ್ರೆಯಲ್ಲಿ ಆಮ್ಲಜನಕ, ನೆಬ್ಯುಲೈಜರ್, ಇಂಜೆಕ್ಷನ್ ಎಲ್ಲ ಆಗಿ, ಮರುದಿನ ಸಂಜೆ ಅವರು ಮೊದಲ ಬಾರಿ ತಡೆಯಿಲ್ಲದೆ ಒಂದು ವಾಕ್ಯ ಮಾತಾಡಿದರು: "ಚಾ ಸಿಕ್ಕುತ್ತಾ?"

ಅಲ್ಲಿದ್ದ ವೈದ್ಯೆ ಚಿಕ್ಕ ವಯಸ್ಸಿನವರು. ಚಿಕ್ಕಪ್ಪನ ಕೈಗೆ ಒಂದು ಇನ್‌ಹೇಲರ್ ಕೊಟ್ಟು, "ನೀವು ದಿನಾ ಹೇಗೆ ಉಪಯೋಗಿಸುತ್ತೀರೋ ಹಾಗೇ ಮಾಡಿ ತೋರಿಸಿ ಐಯಾ" ಎಂದು ತಮಿಳಿನಲ್ಲಿ ಕೇಳಿದರು. ಚಿಕ್ಕಪ್ಪ ಬಾಯಿ ಅಗಲಿಸಿ, ಎರಡು ಸಲ ಪಟಪಟ ಒತ್ತಿ, ಬಾಯಿ ಮುಚ್ಚಿ ನುಂಗಿದರು. ತುಟಿಯ ಸಂದಿನಿಂದ ಬಿಳಿ ಆವಿ ಹೊರಗೆ ಹೋಯಿತು. ವೈದ್ಯೆ ನನ್ನ ಕಡೆ ತಿರುಗಿ ಹೇಳಿದರು: "ಇಷ್ಟು ವರ್ಷ ಇವರು ಮದ್ದನ್ನು ನಾಲಿಗೆಗೆ ಕೊಟ್ಟಿದ್ದಾರೆ, ಎದೆಗೆ ಕೊಟ್ಟಿಲ್ಲ."

ಮನೆಗೆ ಬಂದ ಮೇಲೆ ಇನ್ನೊಂದು ವಿಷಯ ತಿಳಿಯಿತು. ವರ್ಷದ ಹಿಂದೆಯೇ ಬೇರೊಬ್ಬ ವೈದ್ಯರು ಕಂದು ಬಣ್ಣದ ಎರಡನೆಯ ಇನ್‌ಹೇಲರ್ ಬರೆದುಕೊಟ್ಟಿದ್ದರು. ಅದು ಸೀಲು ಒಡೆಯದೆ ಬೀರುವಿನಲ್ಲಿ ಕೂತಿತ್ತು. ಕೇಳಿದರೆ ಚಿಕ್ಕಪ್ಪ, "ಅದ್ರಗ್ ಸ್ಟೀರಾಯ್ಡ್ ಇತ್ತಂಬ್ರ್. ಒಂದ್ಸಲ ಸುರು ಮಾಡ್ರೆ ಮತ್ತೆ ಬಿಡುಕ್ ಆತಿಲ್ಲೆ" ಎಂದರು. ಹತ್ತೊಂಬತ್ತನೇ ವಯಸ್ಸಿನಲ್ಲಿ, 1974ರಲ್ಲಿ, ಕುಂದಾಪುರದ ಕಡೆಯಿಂದ ಮದರಾಸಿನ ಹೋಟೆಲ್ ಅಡುಗೆಮನೆಗೆ ಬಂದು, ಸೌದೆ ಒಲೆಯ ಹೊಗೆಯಲ್ಲಿ ಅರ್ಧ ಆಯುಷ್ಯ ಕಳೆದವರು. ಬೆಂಕಿಗೆ ಹೆದರದ ಮನುಷ್ಯ ಅಂಗೈಯಗಲದ ಒಂದು ಡಬ್ಬಿಗೆ ಹೆದರಿದ್ದರು.

ಈ ಹೆದರಿಕೆ ಅವರೊಬ್ಬರದಲ್ಲ. ನಮ್ಮ ಬಳಗದಲ್ಲಿ, ನಿಮ್ಮ ಬಳಗದಲ್ಲಿ ಎಷ್ಟು ಮನೆಗಳಲ್ಲಿ ಇನ್‌ಹೇಲರ್ ಬೀರುವಿನ ಮೂಲೆಯಲ್ಲಿದೆಯೋ! ನಾನು ವೈದ್ಯನಲ್ಲ. ಆಸ್ಪತ್ರೆಯ ಆ ದಿನಗಳಲ್ಲಿ ಕಂಡದ್ದು, ಆಮೇಲೆ ಕೇಳಿ ಓದಿ ತಿಳಿದದ್ದು ಇಷ್ಟನ್ನು ನಿಮ್ಮ ಮುಂದಿಡುತ್ತಿದ್ದೇನೆ. ಓದಿ, ನಿಮ್ಮ ವೈದ್ಯರೊಡನೆ ಮಾತಾಡಿ.

ಎದೆಯೊಳಗೆ ಆಗುವುದೇನು?

ನಮ್ಮಲ್ಲಿ ಇದಕ್ಕೆ ಊರಿಗೊಂದು ಹೆಸರು. ಉಬ್ಬಸ, ದಮ್ಮು, ಗೂರಲು, ಅಸ್ತಮಾ. ಚೆನ್ನೈನ ಕ್ಲಿನಿಕ್ಕುಗಳಲ್ಲಿ ಎಲ್ಲರೂ ಹೇಳುವುದು "ವೀಸಿಂಗ್". ಹೆಸರು ಯಾವುದಾದರೂ ಒಳಗೆ ನಡೆಯುವುದು ಒಂದೇ.

ಶ್ವಾಸನಾಳ ಒಂದು ಮರದ ಹಾಗೆ ಕವಲೊಡೆಯುತ್ತಾ ಸಣ್ಣ ಸಣ್ಣ ಕೊಳವೆಗಳಾಗಿ ಶ್ವಾಸಕೋಶದ ತುಂಬ ಹರಡಿದೆ. ಅಸ್ತಮಾ ಇರುವವರಲ್ಲಿ ಈ ಕೊಳವೆಗಳ ಒಳಗೋಡೆ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಇದೇ ಉರಿಯೂತ. ಉಬ್ಬಸ ಕಾಣಿಸದ ದಿನಗಳಲ್ಲೂ ಅದು ಇರುತ್ತದೆ. ಅಂಥ ಕೊಳವೆಗೆ ಹೊಗೆಯೋ ಧೂಳೋ ನೆಗಡಿಯೋ ತಾಗಿದಾಗ ಮೂರು ಕೆಲಸ ಒಟ್ಟಿಗೆ ಆಗುತ್ತವೆ. ಕೊಳವೆಯ ಸುತ್ತಲಿನ ಸ್ನಾಯು ಹಿಂಡಿಕೊಳ್ಳುತ್ತದೆ, ಒಳಗೋಡೆ ಇನ್ನಷ್ಟು ಊದುತ್ತದೆ, ಅಂಟುಅಂಟಾದ ಕಫ ತುಂಬುತ್ತದೆ. ಇಕ್ಕಟ್ಟಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಬರುವುದೇ ಆ ಸುಯ್ ಸುಯ್ ಸದ್ದು. ಉಸಿರು ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಹೆಚ್ಚು ಕಷ್ಟ.

ಅಂದರೆ ಸರಿಪಡಿಸಬೇಕಾದ್ದು ಎರಡು. ಒಂದು, ಈಗ ಹಿಂಡಿಕೊಂಡಿರುವ ಸ್ನಾಯು. ಇನ್ನೊಂದು, ಸದಾ ಒಳಗೇ ಹೊಗೆಯಾಡುತ್ತಿರುವ ಉರಿಯೂತ. ಇನ್‌ಹೇಲರುಗಳು ಏಕೆ ಎರಡು ಬಗೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಮದರಾಸಿನಿಂದ ಹೋದ ಹೊಗೆ

ಮದ್ದನ್ನು ಉಸಿರಿನ ಜೊತೆ ಎಳೆದುಕೊಳ್ಳುವುದು ಹೊಸ ಸಂಗತಿಯಲ್ಲ. ಅದರ ಕತೆಯಲ್ಲಿ ನಮ್ಮ ಈ ಊರಿಗೂ ಪಾಲಿದೆ. ಒಣಗಿಸಿದ ಉಮ್ಮತ್ತಿಯ ಭಾಗಗಳನ್ನು ಚಿಲುಮೆಯಲ್ಲಿಟ್ಟು ಸೇದಿದರೆ ಉಬ್ಬಸ ಇಳಿಯುತ್ತದೆ ಎಂಬುದು ನಮ್ಮ ದೇಶದ ಹಳೆಯ ಮನೆಮದ್ದು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಮದರಾಸಿನ ಫಿಜೀಷಿಯನ್ ಜನರಲ್ ಆಗಿದ್ದ ಡಾ. ಜೇಮ್ಸ್ ಆಂಡರ್ಸನ್ ಇದನ್ನು ಕಂಡುಕೊಂಡು ತಾವೂ ಬಳಸಿದರು. ಸೈದಾಪೇಟೆಯಲ್ಲಿ ಕೊಚಿನೀಲ್ ಹುಳ ಸಾಕಲು ಕಳ್ಳಿತೋಟ ಮಾಡಿದ ಆಂಡರ್ಸನ್ ಇವರೇ. 1802ರಲ್ಲಿ ಜನರಲ್ ಜೆಂಟ್ ಎಂಬ ಸೇನಾಧಿಕಾರಿಯ ಮೂಲಕ ಈ ಮದ್ದು ಬ್ರಿಟನ್ನಿಗೆ ಹೋಯಿತು. ಮುಂದೆ ಯುರೋಪಿನಲ್ಲೆಲ್ಲ "ಅಸ್ತಮಾ ಸಿಗರೇಟು" ಎಂಬ ಹೆಸರಿನಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಮಾರಾಟವಾಯಿತು.

ಯಾರೂ ಇದನ್ನು ಈಗ ಮಾಡಿ ನೋಡಬೇಡಿ. ಉಮ್ಮತ್ತಿ ವಿಷ. ಎಷ್ಟು ಹೋದರೆ ಮದ್ದು, ಎಷ್ಟು ಹೋದರೆ ಬುದ್ಧಿಭ್ರಮಣೆ ಎಂದು ಅಳೆಯಲು ಬರುವುದಿಲ್ಲ. ಜೊತೆಗೆ ಹೊಗೆಯೇ ಶ್ವಾಸನಾಳಕ್ಕೆ ಶತ್ರು. ಆದರೂ ಅದರಲ್ಲಿದ್ದ ಅಟ್ರೊಪಿನ್ ಎಂಬ ಅಂಶ ಸ್ನಾಯುವನ್ನು ಸಡಿಲಿಸುತ್ತಿದ್ದುದು ನಿಜ. ಇಂದು ಆಸ್ಪತ್ರೆಯ ನೆಬ್ಯುಲೈಜರಿಗೆ ಹಾಕುವ ಇಪ್ರಾಟ್ರೋಪಿಯಂ ಅದೇ ವಂಶದ ಮದ್ದು, ವಿಷದ ಕಾಟ ಕಳೆದು ಅಳತೆಗೆ ತಂದದ್ದು.

ಆ "ಅಳತೆ"ಯೇ ಇನ್‌ಹೇಲರಿನ ಹೆಚ್ಚುಗಾರಿಕೆ. 1955ರವರೆಗೂ ಅಸ್ತಮಾದವರು ರಬ್ಬರ್ ಗುಂಡು ಒತ್ತಿ ಮದ್ದು ಚಿಮ್ಮಿಸುವ ಗಾಜಿನ ಉಪಕರಣ ಹೊತ್ತು ತಿರುಗಬೇಕಿತ್ತು. ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೈಸನ್ ಅವರ ಮಗಳಿಗೆ ಅಸ್ತಮಾ ಇತ್ತು. ಕೂದಲಿಗೆ ಹಾಕುವ ಸ್ಪ್ರೇ ಹಾಗೆ ನನ್ನ ಮದ್ದೂ ಡಬ್ಬಿಯಿಂದ ಬರಬಾರದೇಕೆ ಎಂದು ಆ ಹುಡುಗಿ ಕೇಳಿದಳಂತೆ. 1956ರಲ್ಲಿ ಒತ್ತಿದಾಗಲೆಲ್ಲ ಒಂದೇ ಅಳತೆಯ ಮದ್ದು ಬಿಡುವ ಮೊದಲ ಇನ್‌ಹೇಲರ್ ಮಾರುಕಟ್ಟೆಗೆ ಬಂತು. 1969ರಲ್ಲಿ ಬ್ರಿಟನ್ನಿನಲ್ಲಿ ಸಾಲ್ಬುಟಮಾಲ್ ಬಂತು. 1972ರಲ್ಲಿ ಉಸಿರಿನಲ್ಲಿ ಎಳೆದುಕೊಳ್ಳುವ ಸ್ಟೀರಾಯ್ಡ್ ಬೆಕ್ಲೊಮೆಥಾಸೋನ್ ಬಂತು. ನೀಲಿ ಮತ್ತು ಕಂದು ಡಬ್ಬಿಗಳ ಹುಟ್ಟು ಇದು.

ಮಾತ್ರೆ ಸೌಮ್ಯವೇ, ಇನ್‌ಹೇಲರ್ ಜೋರೇ?

"ಮೊದಲು ಮಾತ್ರೆ, ಸಿರಪ್ ನೋಡೋಣ. ಪಂಪು ಕೊನೆಗಿರಲಿ." ಇದು ನಮ್ಮ ಹಿರಿಯರ ಲೆಕ್ಕ. ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ.

ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 4 ಮಿಲಿಗ್ರಾಂ, ಅಂದರೆ 4,000 ಮೈಕ್ರೊಗ್ರಾಂ ಮದ್ದಿರುತ್ತದೆ. ಅದೇ ಮದ್ದಿನ ಇನ್‌ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೊಗ್ರಾಂ. ಒಂದು ಮಾತ್ರೆ ನುಂಗಿದರೆ ನಲವತ್ತು ಪಫ್‌ನಷ್ಟು ಮದ್ದು ದೇಹಕ್ಕೆ ಹೋಯಿತು. ಅದು ಹೊಟ್ಟೆಗಿಳಿದು, ಯಕೃತ್ತು ದಾಟಿ, ರಕ್ತದಲ್ಲಿ ಬೆರೆತು, ಕೈಕಾಲಿಗೆ ಹೃದಯಕ್ಕೆ ಎಲ್ಲ ಹಂಚಿಹೋಗಿ, ಉಳಿದ ಪಾಲು ಶ್ವಾಸನಾಳಕ್ಕೆ ತಲುಪಬೇಕು. ಅದಕ್ಕೇ ಮಾತ್ರೆ ತೆಗೆದುಕೊಂಡವರ ಕೈ ನಡುಗುವುದು, ಎದೆ ಡವಡವ ಎನ್ನುವುದು. ಎರಡು ಪಫ್ ಸರಿಯಾಗಿ ಎಳೆದುಕೊಂಡರೆ ಇಪ್ಪತ್ತರಲ್ಲಿ ಒಂದು ಪಾಲು ಮದ್ದು ನೇರ ಬೇಕಾದ ಜಾಗಕ್ಕೇ ಹೋಗಿ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಮೊಣಕಾಲಿನ ಗಾಯಕ್ಕೆ ಮುಲಾಮನ್ನು ಮೊಣಕಾಲಿಗೇ ಹಚ್ಚುತ್ತೇವೆ. ಇದೂ ಅಷ್ಟೇ.

ಸ್ಟೀರಾಯ್ಡಿನ ಭಯಕ್ಕೂ ಇದೇ ಉತ್ತರ. ಜೋರಾದ ಅಟ್ಯಾಕ್ ಬಂದಾಗ ಆಸ್ಪತ್ರೆಯಲ್ಲಿ ಕೊಡುವ ಸ್ಟೀರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ಇಡೀ ದೇಹಕ್ಕೆ ಹೋಗುತ್ತದೆ, ಅದರ ಲೆಕ್ಕ ಹತ್ತಾರು ಮಿಲಿಗ್ರಾಂಗಳಲ್ಲಿ. ಕಂಟ್ರೋಲರ್ ಇನ್‌ಹೇಲರಿನಲ್ಲಿ ದಿನಕ್ಕೆ ಹೋಗುವುದು ಮೈಕ್ರೊಗ್ರಾಂಗಳಲ್ಲಿ. ಮದ್ದುಗಳು ಬೇರೆ ಬೇರೆಯಾದ್ದರಿಂದ ತೂಕಕ್ಕೆ ತೂಕ ಹೋಲಿಸಲಾಗದು, ಆದರೂ ಅಂತರ ಎಷ್ಟೆಂದು ತಿಳಿಯುತ್ತದೆ. ದಿನವೂ ಈ ಚಿಟಿಕೆ ಮದ್ದು ತೆಗೆದುಕೊಳ್ಳದೆ ಹೋದವರೇ ವರ್ಷಕ್ಕೆರಡು ಸಲ ಆಸ್ಪತ್ರೆ ಸೇರಿ ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಪಡೆಯುವವರು. ಸ್ಟೀರಾಯ್ಡ್ ತಪ್ಪಿಸಲು ಹೋಗಿ ಹೆಚ್ಚು ಸ್ಟೀರಾಯ್ಡ್ ತೆಗೆದುಕೊಂಡ ಹಾಗಾಯಿತು. ಇದಕ್ಕೆ ಅಡ್ಡಪರಿಣಾಮವೇ ಇಲ್ಲ ಎಂದಲ್ಲ. ದನಿ ಒಡೆಯಬಹುದು, ಬಾಯಲ್ಲಿ ಬಿಳಿ ಅಗ್ರ ಬರಬಹುದು. ತೆಗೆದುಕೊಂಡ ಕೂಡಲೇ ಬಾಯಿ ಮುಕ್ಕಳಿಸಿ ಉಗಿದರೆ ಇವು ಬಹುಮಟ್ಟಿಗೆ ತಪ್ಪುತ್ತವೆ. ಹೆಚ್ಚಿನ ಪ್ರಮಾಣವನ್ನು ಬಹುಕಾಲ ತೆಗೆದುಕೊಳ್ಳುವವರನ್ನು ವೈದ್ಯರು ಆಗಾಗ ಪರೀಕ್ಷಿಸಿ, ಕಡಿಮೆ ಮಾಡಬಹುದಾದಾಗ ಮಾಡುತ್ತಾರೆ.

"ಚಟ ಆಗುತ್ತದೆ" ಎಂಬುದು ಇನ್ನೊಂದು ಮಾತು. ಇನ್‌ಹೇಲರಿನ ಮದ್ದಿಗೆ ಚಟ ಹಿಡಿಸುವ ಗುಣವಿಲ್ಲ. ನಿಲ್ಲಿಸಿದರೆ ಉಬ್ಬಸ ಮರಳುವುದು ರೋಗ ಒಳಗೇ ಇರುವುದರಿಂದ. ಕನ್ನಡಕ ತೆಗೆದರೆ ಅಕ್ಷರ ಮಸುಕಾಗುತ್ತದೆ. ಕನ್ನಡಕದ ಚಟ ಹತ್ತಿತು ಎಂದು ಯಾರೂ ಹೇಳುವುದಿಲ್ಲವಲ್ಲ!

ನೀಲಿ ಮಾತ್ರ ಸಾಕೇ?

ಚಿಕ್ಕಪ್ಪ ಮಾಡಿದ ದೊಡ್ಡ ತಪ್ಪು ಇದು. ನೀಲಿ ಡಬ್ಬಿಯ ಸಾಲ್ಬುಟಮಾಲ್ ರಿಲೀವರ್. ಹಿಂಡಿಕೊಂಡ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ, ನಾಲ್ಕಾರು ಗಂಟೆ ಆರಾಮ ಕೊಡುತ್ತದೆ. ಉರಿಯೂತವನ್ನು ಮುಟ್ಟುವುದೇ ಇಲ್ಲ. ಕಂಟ್ರೋಲರ್‌ನಲ್ಲಿ ಬುಡೆಸೊನೈಡ್, ಫ್ಲುಟಿಕಾಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಅದು ಉರಿಯೂತ ಇಳಿಸುತ್ತದೆ, ಆದರೆ ದಿನಗಳು, ವಾರಗಳು ಬೇಕು. ತೆಗೆದುಕೊಂಡ ಕೂಡಲೇ ಏನೂ ಅನ್ನಿಸದ ಕಾರಣ ಜನ ಅದನ್ನು ಬಿಟ್ಟು, ತಕ್ಷಣ ಆರಾಮ ಕೊಡುವ ನೀಲಿಯನ್ನೇ ನಂಬುತ್ತಾರೆ. ಸೂರಿನಿಂದ ನೀರು ಸೋರುವಾಗ ಕೆಳಗೆ ಬಕೆಟ್ ಇಟ್ಟು, ಹೆಂಚು ಸರಿಮಾಡದೆ ಇದ್ದ ಹಾಗೆ.

ಬಣ್ಣವನ್ನೇ ನಂಬಬೇಡಿ. ಕಂಪನಿಯಿಂದ ಕಂಪನಿಗೆ ಬಣ್ಣ ಬದಲಾಗುತ್ತದೆ. ಡಬ್ಬಿಯ ಮೇಲಿನ ಮದ್ದಿನ ಹೆಸರು ಓದಿ, ಇದು ರಿಲೀವರೋ ಕಂಟ್ರೋಲರೋ ಎಂದು ಕೇಳಿ ತಿಳಿದು, ಮಾರ್ಕರ್‌ನಲ್ಲಿ ಕನ್ನಡದಲ್ಲೇ ಬರೆದಿಡಿ.

ಅಸ್ತಮಾ ಚಿಕಿತ್ಸೆಗೆ ಜಗತ್ತಿನ ವೈದ್ಯರು ನೋಡುವ ಮಾರ್ಗಸೂಚಿ "ಜೀನಾ". 2019ರಲ್ಲಿ ಅದು ಒಂದು ದೊಡ್ಡ ಬದಲಾವಣೆ ಮಾಡಿತು. ಹದಿಹರೆಯದವರಿಗೆ ಮತ್ತು ದೊಡ್ಡವರಿಗೆ ನೀಲಿ ಇನ್‌ಹೇಲರ್ ಒಂದನ್ನೇ ಕೊಟ್ಟು ಚಿಕಿತ್ಸೆ ಮಾಡುವುದು ಬೇಡ, ರೋಗ ಸೌಮ್ಯವಾಗಿದ್ದರೂ ಸ್ಟೀರಾಯ್ಡ್ ಇರುವ ಇನ್‌ಹೇಲರ್ ಬೇಕೇ ಬೇಕು ಎಂದಿತು. ಈಗ ಅನೇಕರಿಗೆ ಬುಡೆಸೊನೈಡ್ ಜೊತೆ ಫಾರ್ಮೊಟೆರಾಲ್ ಸೇರಿದ ಒಂದೇ ಇನ್‌ಹೇಲರ್ ಬರೆದುಕೊಡುತ್ತಾರೆ. ಫಾರ್ಮೊಟೆರಾಲ್ ಬೇಗ ಸ್ನಾಯು ಸಡಿಲಿಸುತ್ತದೆ, ಬಹಳ ಹೊತ್ತು ಉಳಿಯುತ್ತದೆ. ಹಾಗಾಗಿ ಒಂದೇ ಡಬ್ಬಿ ಎರಡೂ ಕೆಲಸ ಮಾಡಬಲ್ಲದು. ನಿಮಗೆ ಯಾವುದು ಸರಿ ಎಂಬುದನ್ನು ವೈದ್ಯರೇ ಹೇಳಬೇಕು.

ನೀವೇ ಕೇಳಿಕೊಳ್ಳಬಹುದಾದ ನಾಲ್ಕು ಪ್ರಶ್ನೆಗಳಿವೆ. ಕಳೆದ ನಾಲ್ಕು ವಾರಗಳಲ್ಲಿ ಹಗಲು ಹೊತ್ತು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಉಬ್ಬಸ ಬಂತೇ? ರಾತ್ರಿ ಅದರಿಂದ ಎಚ್ಚರವಾಯಿತೇ? ನೀಲಿ ಇನ್‌ಹೇಲರ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಯಿತೇ? ಮೆಟ್ಟಿಲು ಹತ್ತುವುದು, ನಡೆಯುವುದು ಇಂಥ ಕೆಲಸಕ್ಕೆ ಅಡ್ಡಿಯಾಯಿತೇ? ಒಂದಕ್ಕೆ "ಹೌದು" ಎಂದರೂ ವೈದ್ಯರನ್ನು ನೋಡಿ. ವರ್ಷಕ್ಕೆ ಮೂರು ಅಥವಾ ಹೆಚ್ಚು ನೀಲಿ ಡಬ್ಬಿ ಖಾಲಿ ಮಾಡುವವರಿಗೆ ಜೋರಾದ ಅಟ್ಯಾಕಿನ ಅಪಾಯ ಹೆಚ್ಚು. ತಿಂಗಳಿಗೊಂದರಂತೆ ಖಾಲಿ ಮಾಡುವವರಲ್ಲಿ ಸಾವಿನ ಅಪಾಯವೂ ಹೆಚ್ಚು.

ಸಾವು ಎಂಬ ಮಾತನ್ನು ಹೆದರಿಸಲು ಹೇಳಿದ್ದಲ್ಲ. 2019ರ ಜಾಗತಿಕ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 3.4 ಕೋಟಿ ಜನರಿಗೆ ಅಸ್ತಮಾ ಇದೆ. ಜಗತ್ತಿನ ರೋಗಿಗಳಲ್ಲಿ ಇದು ಸುಮಾರು ಶೇ. 13. ಅಸ್ತಮಾದಿಂದಾಗುವ ಸಾವುಗಳಲ್ಲಿ ಮಾತ್ರ ನಮ್ಮ ಪಾಲು ಶೇ. 40ಕ್ಕೂ ಹೆಚ್ಚು. ಮದ್ದು ಇದ್ದೂ ಸರಿಯಾಗಿ ತಲುಪದೆ ಇರುವುದು ಇದಕ್ಕೆ ಒಂದು ದೊಡ್ಡ ಕಾರಣ.

ಎಳೆದುಕೊಳ್ಳುವ ಕ್ರಮ

ಒತ್ತುವ ಡಬ್ಬಿಯಿಂದ ಮದ್ದು ಬಹಳ ವೇಗವಾಗಿ ಚಿಮ್ಮುತ್ತದೆ. ಉಸಿರಿನ ಜೊತೆ ಹೊಂದದಿದ್ದರೆ ಗಂಟಲಿನ ಹಿಂಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ. ವೈದ್ಯೆ ಚಿಕ್ಕಪ್ಪನಿಗೆ ಹೇಳಿಕೊಟ್ಟ ಕ್ರಮ ಹೀಗಿದೆ:

1. ಮುಚ್ಚಳ ತೆಗೆದು ಡಬ್ಬಿಯನ್ನು ಚೆನ್ನಾಗಿ ಕುಲುಕಿ. ಹೊಸದಾದರೆ, ಬಹಳ ದಿನ ಬಳಸದಿದ್ದರೆ, ಮೊದಲು ಗಾಳಿಗೆ ಕೆಲವು ಸಲ ಒತ್ತಿ.
2. ನೆಟ್ಟಗೆ ಕೂತು ಅಥವಾ ನಿಂತು, ಉಸಿರನ್ನು ನಿಧಾನವಾಗಿ ಪೂರ್ತಿ ಹೊರಗೆ ಬಿಡಿ.
3. ಇನ್‌ಹೇಲರಿನ ಬಾಯನ್ನು ಹಲ್ಲುಗಳ ನಡುವೆ ಇಟ್ಟು ತುಟಿ ಬಿಗಿಯಾಗಿ ಮುಚ್ಚಿ.
4. ಬಾಯಿಂದ ನಿಧಾನವಾಗಿ, ಆಳವಾಗಿ ಉಸಿರು ಎಳೆದುಕೊಳ್ಳಲು ಶುರು ಮಾಡಿ, ಆಗಲೇ ಒಂದು ಸಲ ಒತ್ತಿ. ಎಳೆಯುವುದನ್ನು ನಿಲ್ಲಿಸಬೇಡಿ.
5. ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಆಮೇಲೆ ನಿಧಾನವಾಗಿ ಬಿಡಿ.
6. ಎರಡನೆಯ ಪಫ್ ಬೇಕಿದ್ದರೆ ಅರ್ಧದಿಂದ ಒಂದು ನಿಮಿಷ ತಡೆದು, ಮತ್ತೆ ಕುಲುಕಿ, ಇದೇ ಕ್ರಮದಲ್ಲಿ ತೆಗೆದುಕೊಳ್ಳಿ.
7. ಸ್ಟೀರಾಯ್ಡ್ ಇರುವುದಾದರೆ ಬಾಯಿ ಮುಕ್ಕಳಿಸಿ ಉಗಿಯಿರಿ.

ನಾಲ್ಕನೆಯ ಹೆಜ್ಜೆ ಬಹಳ ಜನಕ್ಕೆ ಕಷ್ಟ. ಅದಕ್ಕೇ ಸ್ಪೇಸರ್ ಇರುವುದು. ಸಣ್ಣ ಪ್ಲಾಸ್ಟಿಕ್ ಡಬ್ಬದಂಥ ಕೊಳವೆ. ಇನ್‌ಹೇಲರನ್ನು ಅದರ ಒಂದು ತುದಿಗೆ ಸಿಕ್ಕಿಸಿ ಒತ್ತಿದರೆ ಮದ್ದು ಒಳಗೆ ನಿಲ್ಲುತ್ತದೆ, ಇನ್ನೊಂದು ತುದಿಯಿಂದ ನಿಧಾನವಾಗಿ ಉಸಿರೆಳೆದುಕೊಳ್ಳಬಹುದು. ಮಕ್ಕಳಿಗೆ ಮುಖವಾಡ ಇರುವ ಸ್ಪೇಸರ್ ಸಿಗುತ್ತದೆ. ಸ್ಪೇಸರ್ ಮಕ್ಕಳಿಗೆ, ಮುದುಕರಿಗೆ ಮಾತ್ರ ಎಂದು ತಿಳಿಯಬೇಡಿ. ದೊಡ್ಡವರಿಗೂ ಮದ್ದು ಹೆಚ್ಚು ಒಳಗೆ ಹೋಗುತ್ತದೆ, ಗಂಟಲಲ್ಲಿ ಕಡಿಮೆ ಉಳಿಯುತ್ತದೆ. ತೊಳೆಯುವಾಗ ಸೋಪು ನೀರಿನಲ್ಲಿ ಅದ್ದಿ ತಾನಾಗಿ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಮದ್ದು ಗೋಡೆಗೆ ಅಂಟಿಕೊಳ್ಳುತ್ತದೆ.

ಪುಡಿಯ ಕ್ಯಾಪ್ಸೂಲ್ ಹಾಕುವ ರೋಟಾಹೇಲರ್‌ನಂಥವು ಬೇರೆ ಬಗೆ. ಇದರಲ್ಲಿ ಗ್ಯಾಸಿಲ್ಲ. ನಿಮ್ಮ ಉಸಿರಿನ ಸೆಳೆತವೇ ಪುಡಿಯನ್ನು ಒಯ್ಯಬೇಕು. ಆದ್ದರಿಂದ ಇಲ್ಲಿ ನಿಧಾನ ಸಲ್ಲದು, ಮೊದಲಿನಿಂದಲೇ ಜೋರಾಗಿ ಆಳವಾಗಿ ಎಳೆಯಬೇಕು. ಅದರೊಳಗೆ ಊದಬಾರದು, ಪುಡಿ ತೇವಗೊಂಡು ಗಂಟುಕಟ್ಟುತ್ತದೆ. ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರೂ ಇದ್ದಾರೆ. ಅದು ನುಂಗುವ ಮಾತ್ರೆಯಲ್ಲ. ಚೆನ್ನೈನ ಸೆಕೆಯಲ್ಲಿ, ಐಪ್ಪಸಿ ಕಾರ್ತಿಕೈ ಮಳೆಯಲ್ಲಿ ಕ್ಯಾಪ್ಸೂಲನ್ನು ಬಚ್ಚಲುಮನೆಯಲ್ಲಿ, ಅಡುಗೆಮನೆಯಲ್ಲಿ ಇಡಬೇಡಿ. ಬಳಸುವ ಕ್ಷಣದಲ್ಲೇ ಹೊರತೆಗೆಯಿರಿ. ಒತ್ತುವ ಡಬ್ಬಿಯನ್ನು ಕತ್ತರಿ ಬಿಸಿಲಿನ ದಿನಗಳಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ.

ಇನ್ನು ಎಣಿಕೆ. ನೀಲಿ ಡಬ್ಬಿಯಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತವೆ. ಮದ್ದು ಮುಗಿದ ಮೇಲೂ ಗ್ಯಾಸ್ ಬರುತ್ತಲೇ ಇರುತ್ತದೆ, ಕುಲುಕಿದರೆ ಸದ್ದೂ ಬರುತ್ತದೆ. ಚಿಕ್ಕಪ್ಪ ಮೋಸಹೋದದ್ದು ಇಲ್ಲೇ. ಎಣಿಕೆ ತೋರಿಸುವ ಡಬ್ಬಿ ಸಿಕ್ಕಿದರೆ ಅದನ್ನೇ ಕೊಳ್ಳಿ. ಇಲ್ಲದಿದ್ದರೆ ಶುರು ಮಾಡಿದ ದಿನವನ್ನು ಡಬ್ಬಿಯ ಮೇಲೆ ಬರೆಯಿರಿ. 120 ಪಫ್‌ಗಳ ಕಂಟ್ರೋಲರನ್ನು ಬೆಳಗ್ಗೆ ಎರಡು, ರಾತ್ರಿ ಎರಡು ತೆಗೆದುಕೊಳ್ಳುವವರಿಗೆ ಅದು ಸರಿಯಾಗಿ 30 ದಿನ ಬರುತ್ತದೆ.

ಊರು ಬದಲಾದರೂ ಬಿಡದ ಉಬ್ಬಸ

"ಬೆಂಗಳೂರಿಗೆ ಹೋದರೆ ಸರಿಹೋಗುತ್ತೆ" ಎನ್ನುವ ಮಾತು ಚೆನ್ನೈ ಕನ್ನಡಿಗರ ಬಾಯಲ್ಲಿ ಆಗಾಗ ಕೇಳುತ್ತದೆ. ಬೆಂಗಳೂರಿನವರು "ಅಲ್ಲಿ ಸಮುದ್ರದ ಗಾಳಿ, ಒಳ್ಳೆಯದು" ಎನ್ನುತ್ತಾರೆ! ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು 20,000 ಮಕ್ಕಳನ್ನು ಕುರಿತು ನಡೆಸಿದ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ 1979ರಲ್ಲಿ ಶೇ. 9 ಇದ್ದ ಅಸ್ತಮಾ 1999ಕ್ಕೆ ಶೇ. 29.5ಕ್ಕೆ ಏರಿತ್ತು. ವಾಹನ, ಧೂಳು ಬೆಳೆದ ಹಾಗೆ ಅದೂ ಬೆಳೆಯಿತು. ಇಲ್ಲಿನ ಸಮಸ್ಯೆ ಬೇರೆ ಬಗೆಯದು. ವರ್ಷವಿಡೀ ತೇವದ ಗಾಳಿ, ಹಾಸಿಗೆ ದಿಂಬುಗಳಲ್ಲಿ ಬೆಳೆಯುವ ಕಣ್ಣಿಗೆ ಕಾಣದ ನುಸಿ, ಮಳೆಗಾಲದ ನಂತರ ಗೋಡೆಯ ಬೂಷ್ಟು. 2015ರ ಮತ್ತು 2023ರ ಡಿಸೆಂಬರ್ ನೆರೆಯಲ್ಲಿ ನೀರು ನುಗ್ಗಿದ ಮನೆಗಳವರಿಗೆ ಆ ವಾಸನೆ ನೆನಪಿರಬೇಕು. ಎನ್ನೂರಿನ ಕಡೆ ಇರುವವರಿಗೆ ವಿದ್ಯುತ್ ಸ್ಥಾವರಗಳ ಗಾಳಿ, ಪೆರುಂಗುಡಿ, ಕೊಡುಂಗೈಯೂರಿನವರಿಗೆ ಕಸದ ಬೆಟ್ಟ. ಮನೆಯೊಳಗೆ ಸೊಳ್ಳೆಬತ್ತಿ, ಸಾಂಬ್ರಾಣಿ, ಊದುಬತ್ತಿ.

ಎಲ್ಲವನ್ನೂ ನಾವು ಬದಲಿಸಲಾರೆವು. ಸೊಳ್ಳೆಬತ್ತಿಯ ಬದಲು ಪರದೆ ಕಟ್ಟಬಹುದು, ದಿಂಬಿನ ಗವಸು, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬಹುದು, ಭೋಗಿಯ ಬೆಳಗು ಕಿಟಕಿ ಮುಚ್ಚಿ ಒಳಗಿರಬಹುದು. ಕಂಟ್ರೋಲರನ್ನು ಬಿಡದಿರುವುದಂತೂ ನಮ್ಮ ಕೈಯಲ್ಲೇ ಇದೆ.

ಮೃಗಶಿರಾ ಮಳೆ ಹುಟ್ಟುವಾಗ ಹೈದರಾಬಾದಿಗೆ ಹೋಗಿ ಜೀವಂತ ಮೀನು ನುಂಗಿ ಬಂದವರು ನಮ್ಮಲ್ಲೂ ಇದ್ದಾರೆ. ಅವರ ನಂಬಿಕೆಯ ಜೊತೆ ಜಗಳವಾಡಲು ನನಗೆ ಮನಸ್ಸಿಲ್ಲ. ಮೀನು ಅಸ್ತಮಾ ವಾಸಿ ಮಾಡುತ್ತದೆಂಬುದಕ್ಕೆ ವೈದ್ಯಕೀಯ ಪುರಾವೆಯಿಲ್ಲ ಎಂಬುದು ಮಾತ್ರ ತಿಳಿದಿರಲಿ. ಹೋಗುವವರು ದಯವಿಟ್ಟು ಇನ್‌ಹೇಲರ್ ನಿಲ್ಲಿಸಿ ಹೋಗಬೇಡಿ.

ಹಣದ ಮಾತೂ ಬರುತ್ತದೆ. ಸಾಲ್ಬುಟಮಾಲ್, ಬುಡೆಸೊನೈಡ್, ಬುಡೆಸೊನೈಡ್ ಜೊತೆ ಫಾರ್ಮೊಟೆರಾಲ್ ಇವು 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ, ಬೆಲೆಗೆ ಮಿತಿ ಇದೆ. ಸೆಂಟ್ರಲ್ ಸ್ಟೇಷನ್ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲೂ ತಾಂಬರಂ ಸ್ಯಾನಟೋರಿಯಂನ ಸರ್ಕಾರಿ ಎದೆರೋಗ ಆಸ್ಪತ್ರೆಯಲ್ಲೂ ಶ್ವಾಸಕೋಶದ ವೈದ್ಯರು ಸಿಗುತ್ತಾರೆ. ಡಾ. ಚೌರಿ ಮುತ್ತು ಅವರು 1928ರಲ್ಲಿ ಕ್ಷಯರೋಗಿಗಳಿಗಾಗಿ ಕಟ್ಟಿದ ಆ ಸ್ಯಾನಟೋರಿಯಂನಿಂದಲೇ ನಮ್ಮ ಲೋಕಲ್ ಟ್ರೈನಿನ ಸ್ಟೇಷನ್ನಿಗೆ ಆ ಹೆಸರು ಬಂದದ್ದು.

ಬಚ್ಚಿಡುವ ಕಾಯಿಲೆಯಲ್ಲ

ನಮ್ಮ ಬಳಗದ ಒಬ್ಬ ಹುಡುಗಿ ಮದುವೆಯಾದ ಹೊಸತರಲ್ಲಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಇನ್‌ಹೇಲರ್ ತೆಗೆದುಕೊಳ್ಳುತ್ತಿದ್ದಳು. "ಮಾತುಕತೆ ಸಮಯದಲ್ಲಿ ಹೇಳಬೇಡ ಅಂದಿದ್ದರು ಅಮ್ಮ" ಎಂದಳು. ಬಸುರಿಯಾದಾಗ ಮಗುವಿಗೆ ತೊಂದರೆಯಾದೀತೆಂದು ಪೂರ್ತಿ ಬಿಟ್ಟುಬಿಟ್ಟಳು. ಐದನೇ ತಿಂಗಳಲ್ಲಿ ಆಸ್ಪತ್ರೆ ಸೇರಬೇಕಾಯಿತು. ತಾಯಿಗೆ ಉಸಿರು ಸಾಲದಿದ್ದರೆ ಮಗುವಿಗೂ ಆಮ್ಲಜನಕ ಸಾಲದು. ಬಸುರಿಯಲ್ಲಿ ಇನ್‌ಹೇಲರ್ ಮುಂದುವರಿಸುವುದೇ ಸರಿ ಎಂದು ಅಲ್ಲಿ ಅವಳಿಗೆ ಮತ್ತು ಅವಳ ಅತ್ತೆಗೆ ಇಬ್ಬರಿಗೂ ಕೂರಿಸಿ ಹೇಳಿದರು. ಈಗ ಡಬ್ಬಿ ದೇವರ ಮನೆಯ ಪಕ್ಕದ ಶೆಲ್ಫಿನಲ್ಲಿ ಎಲ್ಲರಿಗೂ ಕಾಣುವ ಹಾಗಿದೆ. ಅತ್ತೆಯೇ ದಿನಾ ನೆನಪಿಸುತ್ತಾರೆ.

ಮನೆಯವರಿಗೆ ತಿಳಿದಿರಬೇಕಾದ್ದು ಇನ್ನೊಂದು ಕಾರಣಕ್ಕೆ. ಅಟ್ಯಾಕ್ ಬಂದಾಗ ರೋಗಿಗೆ ಮಾತಾಡಲು ಆಗುವುದಿಲ್ಲ. ಆಗ ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಬಿಗಿ ಬಟ್ಟೆ ಸಡಿಲಿಸಿ. ರಿಲೀವರ್ ಸಾಲ್ಬುಟಮಾಲ್ ಆಗಿದ್ದರೆ ಸ್ಪೇಸರ್ ಮೂಲಕ ಒಂದೊಂದೇ ಪಫ್ ಕೊಡಿ, ಒಂದೊಂದಕ್ಕೂ ನಾಲ್ಕು ಸಲ ಉಸಿರಾಡಲಿ. ಹೀಗೆ ನಾಲ್ಕು ಪಫ್. ನಾಲ್ಕು ನಿಮಿಷ ಕಾದು, ಇಳಿಯದಿದ್ದರೆ 108ಕ್ಕೆ ಕರೆ ಮಾಡಿ ಮತ್ತೆ ನಾಲ್ಕು ಪಫ್ ಕೊಡುತ್ತಿರಿ. ಒಂದು ವಾಕ್ಯ ಪೂರ್ತಿ ಮಾಡಲಾಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಬಂದರೆ ಕಾಯುವುದೇ ಬೇಡ, ಮೊದಲು 108. ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ಅದೇ ನಂಬರ್. ನಿಮ್ಮ ವೈದ್ಯರಿಂದ ಇಂಥ ಸಮಯದ ಸೂಚನೆಯನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ಚಿಕ್ಕಪ್ಪ ಈಗ ಬೆಳಗ್ಗೆ ಕಾಫಿಗೆ ಮುಂಚೆ, ರಾತ್ರಿ ಹಲ್ಲುಜ್ಜುವ ಮುಂಚೆ, ಸ್ಪೇಸರ್ ಹಚ್ಚಿ ಕಂಟ್ರೋಲರ್ ತೆಗೆದುಕೊಳ್ಳುತ್ತಾರೆ. ಹಲ್ಲುಜ್ಜುವಾಗ ಬಾಯಿ ಮುಕ್ಕಳಿಸಿದ ಹಾಗೂ ಆಯಿತು. ಕ್ಯಾಲೆಂಡರಿನಲ್ಲಿ ಹೊಸ ಡಬ್ಬಿ ಶುರು ಮಾಡಿದ ದಿನಕ್ಕೆ ಚಿಕ್ಕಮ್ಮ ಕುಂಕುಮದ ಬೊಟ್ಟು ಇಡುತ್ತಾರೆ. ನೀಲಿ ಡಬ್ಬಿ ಜೇಬಿನಲ್ಲೇ ಇರುತ್ತದೆ, ಆದರೆ ಹೊರಬರುವುದು ಅಪರೂಪ. ಕಳೆದ ಭೋಗಿಯಂದು ಬೆಳಗ್ಗೆ ಐದೂವರೆಗೆ ನನಗೇ ಎಚ್ಚರವಾಗಿ ಫೋನ್ ಮಾಡಿದೆ. ಕಿಟಕಿ ಮುಚ್ಚಿಕೊಂಡು ಮಲಗಿದ್ದ ಚಿಕ್ಕಪ್ಪ, ಹಬ್ಬದ ದಿನ ಇಷ್ಟು ಬೇಗ ಎಬ್ಬಿಸಿದ್ದಕ್ಕೆ ಬೈದರು. ಒಂದೇ ಉಸಿರಿನಲ್ಲಿ, ಎಲ್ಲೂ ನಿಲ್ಲಿಸದೆ ಬೈದರು. ಕೇಳಿ ಬಹಳ ಸಂತೋಷವಾಯಿತು.